ಹಿರಿಯ ನಾಗರಿಕರಿಗೆ ಮೀನು ಹಿಡಿಯುವ ಪರವಾನಗಿ ಶುಲ್ಕದಲ್ಲಿ ರಿಯಾಯಿತಿ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥದ ದಡಗಳಲ್ಲಿ ಗಾಳ ಹಾಕುವ ಅಥವಾ ಹರಿಗೋಲಿನಲ್ಲಿ ಕುಳಿತು ಬಲೆ ಬಿಡುವ ಅರವತ್ತು ದಾಟಿದವರಿಗೆ ಪರವಾನಗಿ ಶುಲ್ಕವನ್ನು ಇಳಿಸಬೇಕೆಂದು ಕೋರುವ ಮನವಿಯೊಂದನ್ನು ಕುಶಾಲನಗರದ ಆಸುಪಾಸಿನ ಕೆಲವು ಹಿರಿಯರು ಸಿದ್ಧಪಡಿಸುತ್ತಿದ್ದು, ಅದನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಸಹಿ ಹಾಕುವ ಮೊದಲು ಜನರು ಕೇಳಿದ ಪ್ರಶ್ನೆಗಳನ್ನೂ, ಹಾಕಲು ಒಪ್ಪದೆ ಹೋದವರು ಎತ್ತಿದ ಆಕ್ಷೇಪಗಳನ್ನೂ ಇಲ್ಲಿ ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಇದು ಸರ್ಕಾರದ ಆದೇಶವೇ?

ಅಲ್ಲ. ಇದು ಬೇಡಿಕೆ ಮಾತ್ರ. ಈ ಬರಹವನ್ನು ತೋರಿಸಿ ಕಚೇರಿಯಲ್ಲಿ ಕಡಿಮೆ ಹಣ ಕಟ್ಟಿಸಿಕೊಳ್ಳಿ ಎಂದು ಯಾರೂ ಕೇಳಬಾರದು. ಕೌಂಟರಿನಲ್ಲಿ ಕುಳಿತವರಿಗೆ ಶುಲ್ಕವನ್ನು ಬದಲಿಸುವ ಅಧಿಕಾರವಿಲ್ಲ.

ಯಾವ ಪರವಾನಗಿಯ ಬಗ್ಗೆ ಈ ಮಾತು?

ಮೀನು ಹಿಡಿಯುವವರು ಎಲ್ಲರೂ ಒಂದೇ ಎಂದುಕೊಂಡರೆ ಈ ವಿಷಯ ಗೊಂದಲಕ್ಕೆ ಬೀಳುತ್ತದೆ. ಜಲಾಶಯದಲ್ಲಿ ಅಥವಾ ನದಿಯಲ್ಲಿ ಬಲೆ ಬಿಟ್ಟು, ಸಿಕ್ಕಿದ ಮೀನನ್ನು ಮಾರಿ ಮನೆ ನಡೆಸುವವರು ಪಡೆಯುವ ವೃತ್ತಿಪರವಾನಗಿ ಒಂದು. ಹವ್ಯಾಸಕ್ಕಾಗಿ ಗಾಳ ಹಾಕುವವರು ಪಡೆಯುವ ಅನುಮತಿ ಇನ್ನೊಂದು. ವಾಲ್ನೂರಿನ ಬಳಿ ಕಾವೇರಿಯಲ್ಲಿ ಮಹಶೀರ್ ಮೀನನ್ನು ಹಿಡಿದು ಮತ್ತೆ ನೀರಿಗೇ ಬಿಡುವ ಗಾಳಗಾರಿಕೆ ಈ ಬಗೆಯದು. ಈ ಎರಡಕ್ಕೂ ನಾವು ರಿಯಾಯಿತಿ ಕೇಳುತ್ತಿದ್ದೇವೆ. ಆದರೆ ಎರಡಕ್ಕೂ ಒಂದೇ ಪ್ರಮಾಣದಲ್ಲಿ ಕೇಳುತ್ತಿಲ್ಲ.

ಕೆರೆಯ ಮೀನು ಪಾಶುವಾರು ಹಕ್ಕನ್ನು ಹರಾಜಿನಲ್ಲಿ ಅಥವಾ ಗುತ್ತಿಗೆಯಲ್ಲಿ ಪಡೆಯುವುದು ಮೂರನೆಯ ಬಗೆ. ಅದು ವ್ಯಾಪಾರ. ಗುತ್ತಿಗೆದಾರರ ವಯಸ್ಸು ಅರವತ್ತಾಗಲಿ ಎಪ್ಪತ್ತಾಗಲಿ, ಅದಕ್ಕೂ ಈ ಬೇಡಿಕೆಗೂ ಸಂಬಂಧವಿಲ್ಲ. ಹಾಗೆಯೇ ಕಾಫಿ ತೋಟಕ್ಕೆ ನೀರು ಹಾಯಿಸಲು ತೋಡಿಸಿಕೊಂಡ ಸ್ವಂತ ಕೆರೆಯ ವಿಚಾರವೂ ಇಲ್ಲಿ ಬರುವುದಿಲ್ಲ.

ಹಿರಿಯ ನಾಗರಿಕ ಎಂದರೆ ಎಷ್ಟು ವಯಸ್ಸು? ಅದನ್ನು ತೋರಿಸುವುದು ಹೇಗೆ?

ತಂದೆ ತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕೇಂದ್ರ ಕಾಯ್ದೆಯು ಅರವತ್ತು ವರ್ಷ ತುಂಬಿದ ಭಾರತೀಯ ನಾಗರಿಕರನ್ನು ಹಿರಿಯ ನಾಗರಿಕರೆಂದು ಕರೆಯುತ್ತದೆ. ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಗೆ ಮಾತ್ರ 65 ವರ್ಷವಾಗಿರಬೇಕು. ನಾವು 60 ಎಂದು ಕೇಳಿರುವುದಕ್ಕೆ ಕಾರಣವಿದೆ: ಹರಿಗೋಲು ಹೊತ್ತು ದಡಕ್ಕಿಳಿಯುವ, ಜೂನ್ ಮಳೆಯಲ್ಲಿ ನೆನೆದ ಬಲೆಯನ್ನು ಎಳೆಯುವ ಕೆಲಸದಲ್ಲಿ ಬೆನ್ನು ಮತ್ತು ಮೊಣಕಾಲು ಸೋಲುವುದಕ್ಕೆ 65 ಆಗಬೇಕಾಗಿಲ್ಲ.

ದಾಖಲೆಯಾಗಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಗುರುತಿನ ಚೀಟಿಯನ್ನೋ, ಆಧಾರ್ ಅಥವಾ ಮತದಾರರ ಚೀಟಿಯನ್ನೋ ಒಪ್ಪಿಕೊಳ್ಳಬೇಕೆಂದು ಕೇಳಿದ್ದೇವೆ. ಹುಟ್ಟಿದ ದಿನವನ್ನು ಯಾರೂ ಬರೆದಿಡದ ತಲೆಮಾರಿನವರ ಆಧಾರ್‌ನಲ್ಲಿ ಜನವರಿ 1 ಎಂದಿರುವುದು ಸಾಮಾನ್ಯ. ನಮ್ಮ ಸಹಿ ಪಟ್ಟಿಯಲ್ಲೇ ಹಾಗೆ ಒಂದೇ ದಿನ ಹುಟ್ಟಿದವರು ಒಂದು ಪುಟದ ತುಂಬ ಇದ್ದಾರೆ. ಇದನ್ನು ಅನುಮಾನದ ಕಾರಣವನ್ನಾಗಿ ಮಾಡಿಕೊಂಡು ಅವರನ್ನು ಶಾಲೆಯ ದಾಖಲೆ ತರಲು ಅಟ್ಟಬಾರದು.

ಶುಲ್ಕವೇನು ಅಷ್ಟು ದೊಡ್ಡ ಮೊತ್ತವೇ?

ಈ ಪ್ರಶ್ನೆಯನ್ನು ಕೇಳುವವರು ಸಾಮಾನ್ಯವಾಗಿ ಶುಲ್ಕವನ್ನು ಮಾತ್ರ ನೋಡುತ್ತಾರೆ, ಅದನ್ನು ಕಟ್ಟಲು ಹೋಗುವ ದಾರಿಯನ್ನು ನೋಡುವುದಿಲ್ಲ. ನಮ್ಮ ಬೀದಿಯ ತಾತ ಒಬ್ಬರು ಎಪ್ಪತ್ತರ ಅಂಚಿನಲ್ಲಿದ್ದಾರೆ. ಕಳೆದ ಸಲ ಅವರ ಪರವಾನಗಿಯ ನವೀಕರಣಕ್ಕೆ ಜೊತೆಗೆ ಹೋಗಿದ್ದೆ. ಮೊದಲ ದಿನ ಸಂಬಂಧಪಟ್ಟವರು ಸಭೆಗೆ ಹೋಗಿದ್ದರು. ಎರಡನೆಯ ದಿನ ಭಾವಚಿತ್ರದ ಅಳತೆ ಸರಿಯಿಲ್ಲ ಎಂದರು. ಮೂರನೆಯ ದಿನ ಹಣ ಕಟ್ಟಿಸಿಕೊಂಡರು. ಮೂರು ದಿನದ ಬಸ್ಸು, ಎರಡು ದಿನ ಹೋಟೆಲಿನ ಊಟ, ಹೊಸ ಭಾವಚಿತ್ರ, ನೆರಳಚ್ಚು ಪ್ರತಿ ಎಲ್ಲವನ್ನೂ ಬಸ್ಸಿನಲ್ಲಿ ಮರಳುವಾಗ ಬೆರಳೆಣಿಸಿ ಕೂಡಿಸಿದ ತಾತ, "ನೀರಿಗಿಂತ ದಾರಿಗೇ ಜಾಸ್ತಿ ಕಟ್ಟಿದೆ ಕಣಪ್ಪ" ಎಂದರು. ಆ ಮೂರು ದಿನ ಬಲೆ ಬಿಡದೆ ಹೋದ ಸಂಪಾದನೆ ಆ ಲೆಕ್ಕಕ್ಕೆ ಸೇರಿರಲಿಲ್ಲ.

ಹೀಗಾಗಿ ಮನವಿಯಲ್ಲಿ ಶುಲ್ಕದ ಇಳಿಕೆಯ ಜೊತೆಗೆ ಇನ್ನೆರಡು ಅಂಶಗಳನ್ನು ಸೇರಿಸಿದ್ದೇವೆ. ಅರವತ್ತು ದಾಟಿದವರ ಪರವಾನಗಿಯನ್ನು ಒಮ್ಮೆಗೇ ಮೂರು ವರ್ಷಕ್ಕೆ ನವೀಕರಿಸಿಕೊಡಬೇಕು. ಅರ್ಜಿಯನ್ನು ಗ್ರಾಮ ಒನ್ ಕೇಂದ್ರದಲ್ಲೇ ಕೊಡಲು ಅವಕಾಶವಿರಬೇಕು. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಘಟ್ಟ ಹತ್ತಿ ಇಳಿಯುವ ಆ ಪ್ರಯಾಣ ಮಳೆಗಾಲದಲ್ಲಿ ಎಳೆಯರಿಗೇ ಆಯಾಸದ್ದು. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಶುಲ್ಕವನ್ನು ಒಂದು ರೂಪಾಯಿಯೂ ಇಳಿಸದೆ ಈ ಎರಡನ್ನು ಮಾತ್ರ ಒಪ್ಪಿಕೊಂಡರೂ ಅರ್ಧ ಹೊರೆ ಇಳಿದಂತೆ.

ಹಾಗಿದ್ದರೆ ಪೂರ್ತಿ ಮನ್ನಾ ಮಾಡಿ ಎಂದು ಏಕೆ ಕೇಳುತ್ತಿಲ್ಲ?

ಸಭೆಯಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಇದೇ. ಮನ್ನಾ ಎಂಬುದು ಕೇಳಲು ಹಿತವಾಗಿದ್ದರೂ ಅದರ ಜೊತೆಗೆ ಒಂದು ತೊಡಕು ಬರುತ್ತದೆ. ಹಣ ಕಟ್ಟಬೇಕಾಗಿಲ್ಲದವರು ಕಚೇರಿಗೆ ಹೋಗುವುದಿಲ್ಲ, ಕಚೇರಿಗೆ ಹೋಗದವರ ಹೆಸರು ವಹಿಯಲ್ಲಿ ಇರುವುದಿಲ್ಲ, ವಹಿಯಲ್ಲಿ ಹೆಸರಿಲ್ಲದವರು ಮೀನುಗಾರರೇ ಅಲ್ಲ ಎಂದು ನಾಳೆ ಯಾರಾದರೂ ಹೇಳಿದರೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಇದು ಬರಿಯ ಆತಂಕವಲ್ಲ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಅಡಿಯಲ್ಲಿ ಮೀನುಗಾರರಿಗೆ ಗುಂಪು ಅಪಘಾತ ವಿಮೆ ಇದೆ. ಅಪಘಾತದಲ್ಲಿ ಮರಣ ಹೊಂದಿದರೆ ಅಥವಾ ಶಾಶ್ವತವಾಗಿ ಪೂರ್ಣ ಅಂಗವಿಕಲರಾದರೆ 5 ಲಕ್ಷ ರೂಪಾಯಿ, ಶಾಶ್ವತ ಭಾಗಶಃ ಅಂಗವಿಕಲತೆಗೆ 2.5 ಲಕ್ಷ ರೂಪಾಯಿ, ಆಸ್ಪತ್ರೆಯ ಖರ್ಚಿಗೆ 25 ಸಾವಿರ ರೂಪಾಯಿಯವರೆಗೆ ಅದರಲ್ಲಿ ಪರಿಹಾರವಿದೆ. ವಯಸ್ಸಿನ ಮಿತಿ 18ರಿಂದ 70. ಅಂದರೆ ನಾವು ರಿಯಾಯಿತಿ ಕೇಳುತ್ತಿರುವವರಲ್ಲಿ ಅರವತ್ತರಿಂದ ಎಪ್ಪತ್ತರ ನಡುವಿನವರು, ಹರಿಗೋಲು ಮಗುಚುವ ಅಪಾಯ ಹೆಚ್ಚಾಗುವ ವಯಸ್ಸಿನವರು, ಇನ್ನೂ ಈ ವಿಮೆಯ ಒಳಗಿದ್ದಾರೆ. ವಿಮೆ ಕೇಳಲು ಹೋದಾಗ ಇವರು ಮೀನುಗಾರರು ಎಂಬುದಕ್ಕೆ ಪುರಾವೆ ಬೇಕೇ ಬೇಕು. ಪ್ರತಿವರ್ಷದ ರಸೀದಿ ಆ ಪುರಾವೆಗಳಲ್ಲಿ ಒಂದು.

ಬೇರೆ ಕಾರಣಕ್ಕಾಗಿ ಇದೇ ಪಾಠವನ್ನು ಅಮೆರಿಕದ ರಾಜ್ಯಗಳೂ ಕಲಿತಿವೆ. ಅಲ್ಲಿ 1950ರ ಒಂದು ಕಾನೂನಿನಂತೆ ಗಾಳದ ಸಾಮಗ್ರಿಗಳ ಮೇಲಿನ ತೆರಿಗೆಯ ಹಣವನ್ನು ಕೇಂದ್ರವು ರಾಜ್ಯಗಳಿಗೆ ಹಂಚುತ್ತದೆ. ಈ ಹಂಚಿಕೆಯ ಶೇಕಡಾ 60 ಭಾಗವು ಹಣ ಕೊಟ್ಟು ಪರವಾನಗಿ ಪಡೆದವರ ಸಂಖ್ಯೆಯನ್ನು, ಶೇಕಡಾ 40 ಭಾಗವು ರಾಜ್ಯದ ವಿಸ್ತೀರ್ಣವನ್ನು ಅವಲಂಬಿಸಿದೆ. ಹಿರಿಯರಿಗೆ ಪೂರ್ತಿ ಉಚಿತ ಮಾಡಿದ ರಾಜ್ಯಕ್ಕೆ ಆ ಹಿರಿಯರು ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ನಮ್ಮಲ್ಲಿ ಇಂಥ ಹಂಚಿಕೆಯಿಲ್ಲ. ಆದರೂ ಎಷ್ಟು ಮೀನುಗಾರರಿದ್ದಾರೆ ಎಂಬ ಲೆಕ್ಕದ ಮೇಲೆಯೇ ಬಲೆ, ಹರಿಗೋಲು, ಮೀನು ಮರಿ ಮುಂತಾದ ಸವಲತ್ತುಗಳ ಬೇಡಿಕೆ ನಿಲ್ಲುತ್ತದೆ. ಈ ಕಾರಣಕ್ಕೆ ವೃತ್ತಿಯವರಿಗೆ ನಾಲ್ಕರಲ್ಲಿ ಒಂದು ಭಾಗ, ಹವ್ಯಾಸದವರಿಗೆ ಅರ್ಧ ಭಾಗ ಶುಲ್ಕ ಇರಲಿ ಎಂದು ಬರೆದಿದ್ದೇವೆ. ಕಟ್ಟುವುದು ಸ್ವಲ್ಪವಾದರೂ ಹೆಸರು ಪೂರ್ತಿ ಉಳಿಯುತ್ತದೆ.

ಎಸ್ಟೇಟ್ ಮಾಲೀಕರಿಗೂ, ನಿವೃತ್ತ ಅಧಿಕಾರಿಗಳಿಗೂ ರಿಯಾಯಿತಿ ಏಕೆ?

ನ್ಯಾಯವಾದ ಆಕ್ಷೇಪ. ಕೊಡಗಿನಲ್ಲಿ ಹವ್ಯಾಸಕ್ಕೆ ಗಾಳ ಹಾಕುವ ಹಿರಿಯರಲ್ಲಿ ತೋಟದ ಮಾಲೀಕರು, ಸೇನೆಯಿಂದ ನಿವೃತ್ತರಾದವರು ಸಾಕಷ್ಟು ಮಂದಿ ಇದ್ದಾರೆ. ಪೂರ್ಣ ಶುಲ್ಕ ಅವರಿಗೆ ಭಾರವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 65 ದಾಟಿದ ಕಡಿಮೆ ವರಮಾನದವರಿಗೆ ಮಾತ್ರ ರಿಯಾಯಿತಿ ಇದೆ. ಅದೇ ಮಾದರಿಯಲ್ಲಿ ಬಿಪಿಎಲ್ ಪಡಿತರ ಚೀಟಿಯನ್ನು ಕೇಳಬಹುದಲ್ಲ ಎಂದು ಕೆಲವರು ಸಲಹೆ ಕೊಟ್ಟರು.

ವೃತ್ತಿಪರವಾನಗಿಯ ಮಟ್ಟಿಗೆ ಅದು ಬೇಡವೆಂದು ಕೈಬಿಟ್ಟೆವು. ಎಪ್ಪತ್ತನೇ ವಯಸ್ಸಿನಲ್ಲಿ ರಾತ್ರಿಯಿಡೀ ಬಲೆ ಕಾಯುವವರ ಬಡತನಕ್ಕೆ ಇನ್ನೊಂದು ಚೀಟಿಯ ಸಾಕ್ಷಿ ಬೇಕಾಗಿಲ್ಲ. ಹವ್ಯಾಸದ ಅನುಮತಿಗೆ ವರಮಾನದ ಮಿತಿ ಹಾಕಿದರೆ ನನ್ನ ತಕರಾರಿಲ್ಲ, ಸಹಿ ಹಾಕಿದ ಕೆಲವರಿಗೆ ತಕರಾರು ಇದೆ. ವಯಸ್ಸನ್ನಷ್ಟೇ ನೋಡಿ ಕೊಡುವ ಪದ್ಧತಿ ನಮ್ಮಲ್ಲಿ ಹೊಸದೇನಲ್ಲ ಎಂಬುದು ಅವರ ವಾದ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಅರವತ್ತಾದವರಿಗೆ ಶೇಕಡಾ 25 ರಿಯಾಯಿತಿ ಕೊಡುವಾಗ ವರಮಾನ ಕೇಳುವುದಿಲ್ಲ. ಈ ವಾದಕ್ಕೆ ಎದುರಾಗಿ ಒಂದು ಮಾತನ್ನೂ ನೆನಪಿಡಬೇಕು: ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. ಎಲ್ಲರಿಗೂ ಕೊಟ್ಟದ್ದನ್ನು ಖರ್ಚಿನ ನೆಪದಲ್ಲಿ ಎಲ್ಲರಿಂದಲೂ ಕಿತ್ತುಕೊಳ್ಳುವುದು ಸುಲಭ.

ಬೇರೆ ದೇಶಗಳಲ್ಲಿ ಹೇಗಿದೆ?

ಕೆನಡಾದ ಒಂಟಾರಿಯೊದಲ್ಲಿ 65 ದಾಟಿದ ಕೆನಡಾ ನಿವಾಸಿಗಳು ಪರವಾನಗಿಯನ್ನು ಕೊಳ್ಳಬೇಕಾಗಿಲ್ಲ, ಹೆಸರು ಮತ್ತು ಹುಟ್ಟಿದ ದಿನವಿರುವ ಸರ್ಕಾರಿ ಗುರುತಿನ ಚೀಟಿ ಜೊತೆಗಿದ್ದರೆ ಸಾಕು. ಆದರೆ ಹಿಡಿಯಬಹುದಾದ ಮೀನಿನ ಮಿತಿ ಮುಂತಾದ ನಿಯಮಗಳು ಅವರಿಗೂ ಅನ್ವಯಿಸುತ್ತವೆ. ಅಮೆರಿಕದ ಫ್ಲಾರಿಡಾದಲ್ಲಿಯೂ 65 ದಾಟಿದ ನಿವಾಸಿಗಳಿಗೆ ಹವ್ಯಾಸದ ಪರವಾನಗಿ ಬೇಕಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 70 ದಾಟಿದವರಿಗೆ ವಿನಾಯಿತಿ ಇದೆ. ಇಂಗ್ಲೆಂಡಿನಲ್ಲಿ ಹಿರಿಯರಿಗೆ ಪೂರ್ತಿ ಬಿಟ್ಟಿಲ್ಲ, ಕಡಿಮೆ ದರವಿದೆ. ನಾವು ಕೇಳುತ್ತಿರುವುದು ಇಂಗ್ಲೆಂಡಿನ ರೀತಿಗೆ ಹತ್ತಿರ. ಒಂಟಾರಿಯೊ ಕೆನಡಾದ ನಿವಾಸಿಗಳಿಗೆ, ಫ್ಲಾರಿಡಾ ತನ್ನ ನಿವಾಸಿಗಳಿಗೆ ಮಾತ್ರ ಸವಲತ್ತು ಕೊಟ್ಟಿರುವುದನ್ನು ಗಮನಿಸಿ, ಹೋಂಸ್ಟೇಗೆ ಬಂದು ಎರಡು ದಿನ ಗಾಳ ಹಾಕಿ ಹೋಗುವ ಹೊರರಾಜ್ಯದ ಅತಿಥಿಗಳಿಗೆ ಈ ರಿಯಾಯಿತಿ ಬೇಡವೆಂದು ನಾವೂ ಬರೆದಿದ್ದೇವೆ.

ಸರ್ಕಾರಕ್ಕೆ ಎಷ್ಟು ನಷ್ಟವಾಗುತ್ತದೆ?

ಲೆಕ್ಕದ ಅನುಕೂಲಕ್ಕಾಗಿ, ನೂರು ವೃತ್ತಿಪರವಾನಗಿಗಳಲ್ಲಿ ಇಪ್ಪತ್ತು ಹಿರಿಯರದು ಎಂದು ಇಟ್ಟುಕೊಳ್ಳೋಣ. ಅವರಿಂದ ಕಾಲು ಭಾಗ ಮಾತ್ರ ಪಡೆದರೆ ಒಟ್ಟು ಶುಲ್ಕದಲ್ಲಿ ಶೇಕಡಾ 15 ಇಳಿಯುತ್ತದೆ. ಶುಲ್ಕ ಕಟ್ಟಲಾಗದೆ ಪರವಾನಗಿಯಿಲ್ಲದೆ ಹಿಡಿಯುತ್ತಿದ್ದವರು ಹೊಸದಾಗಿ ಹೆಸರು ಬರೆಸಿದರೆ ಆ ಕೊರತೆ ಇನ್ನೂ ತಗ್ಗುತ್ತದೆ. ನಿಜವಾದ ಸಂಖ್ಯೆಯನ್ನು ಪಡೆಯಲು ಯಾರು ಬೇಕಾದರೂ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, ಜಿಲ್ಲೆಯಲ್ಲಿ ಕೊಟ್ಟ ಪರವಾನಗಿಗಳನ್ನು ವಯಸ್ಸಿನ ಪ್ರಕಾರ ಕೇಳಬಹುದು; 30 ದಿನಗಳೊಳಗೆ ಉತ್ತರ ಕೊಡಬೇಕು. ಆ ಉತ್ತರವನ್ನು ಮನವಿಗೆ ಲಗತ್ತಿಸಿದರೆ ಮಾತಿಗೆ ತೂಕ ಬರುತ್ತದೆ.

ಶುಲ್ಕ ಇಳಿಸಿದರೆ ನದಿಯ ಮೀನಿಗೆ ಅಪಾಯವಲ್ಲವೇ?

ಕಾವೇರಿಯ ಗೂನುಬೆನ್ನಿನ ಮಹಶೀರ್ ಕಾವೇರಿ ಕಣಿವೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಮೀನು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಅದು 2018ರಿಂದ ಅಳಿವಿನ ತೀರಾ ಅಂಚಿನಲ್ಲಿರುವ ಪ್ರಭೇದವಾಗಿ ದಾಖಲಾಗಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದ ಸಂಗತಿಯನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಅಂಥ ಮೀನು ಈಗ ಕಥೆಯಲ್ಲಿ ಮಾತ್ರ. ಆದ್ದರಿಂದ ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ.

ನಾವು ಕೇಳುತ್ತಿರುವುದು ಶುಲ್ಕದಲ್ಲಿ ರಿಯಾಯಿತಿಯೇ ಹೊರತು ನಿಯಮದಲ್ಲಿ ಅಲ್ಲ. ಬಲೆಯ ಕಣ್ಣಿನ ಅಳತೆ, ಮುಂಗಾರಿನಲ್ಲಿ ಮೀನು ಮೊಟ್ಟೆಯಿಡಲು ನೀರಿಗೆದುರಾಗಿ ಏರುವ ಕಾಲದ ನಿಷೇಧ, ಮಹಶೀರನ್ನು ಬಿಟ್ಟುಬಿಡುವ ಕಟ್ಟುಪಾಡು ಇವೆಲ್ಲ ಎಪ್ಪತ್ತರವರಿಗೂ ಇಪ್ಪತ್ತರವರಿಗೂ ಒಂದೇ. ಮೀನಿಗೆ ಕುತ್ತು ಬಂದಿರುವುದು ಮುದುಕರ ಗಾಳದಿಂದಲ್ಲ, ತೋಟೆ ಸಿಡಿಸುವವರಿಂದ, ಮಡುವಿಗೆ ಬ್ಲೀಚಿಂಗ್ ಪುಡಿ ಸುರಿಯುವವರಿಂದ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೇ ಸಿಡಿಮದ್ದು ಮತ್ತು ವಿಷದ ಬಳಕೆ ಅಪರಾಧ. ಆದರೆ ರಾತ್ರಿ ತೋಟೆಯ ಸದ್ದು ಕೇಳಿದಾಗ ಅದು ಯಾವ ಮಡುವಿನ ಕಡೆಯದು ಎಂದು ಹೇಳಬಲ್ಲವರು ದಡದಲ್ಲಿ ಇರಬೇಕಲ್ಲ.

ವಾಲ್ನೂರಿನಲ್ಲಿ ಒಂದು ಬೆಳಗ್ಗೆ ಕಂಡದ್ದನ್ನು ಹೇಳಬೇಕು. ರಾಗಿ ಹಿಟ್ಟನ್ನು ಬೇಯಿಸಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಗಾಳಕ್ಕೆ ಮೆತ್ತಿ ಕುಳಿತಿದ್ದ ಹಿರಿಯರೊಬ್ಬರಿಗೆ ಎರಡು ಗಂಟೆಯ ಮೇಲೆ ಮೀನು ಕಚ್ಚಿತು. ಎಳೆದು ತಂದವರು ಅದನ್ನು ದಡಕ್ಕೆ ಹಾಕಲಿಲ್ಲ. ತಾವೇ ಮೊಣಕಾಲು ನೀರಿಗಿಳಿದು, ಕೈ ಒದ್ದೆ ಮಾಡಿಕೊಂಡು, ನೀರಿನೊಳಗೇ ಮುಳ್ಳಿಲ್ಲದ ಗಾಳವನ್ನು ಬಿಡಿಸಿ, ಮೀನಿನ ಮುಖವನ್ನು ಹರಿವಿಗೆ ಎದುರಾಗಿ ಹಿಡಿದುಕೊಂಡು ನಿಂತರು. ಅದು ಕಿವಿರು ಬಡಿದು, ಬಾಲ ಬೀಸಿ ತಾನಾಗಿ ಹೋಗುವವರೆಗೂ ಬಿಡಲಿಲ್ಲ. ಒಣಗಿದ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗಿ ಮೀನಿಗೆ ಹುಣ್ಣಾಗುತ್ತದೆ ಎಂದು ಪಕ್ಕದ ಹುಡುಗನಿಗೆ ಹೇಳಿಕೊಟ್ಟರು.

ಅಭಯಾರಣ್ಯದೊಳಗಿನ ಹೊಳೆಗಳಲ್ಲಿ ಹಿರಿಯರಿಗೆ ಅವಕಾಶ ಸಿಗುತ್ತದೆಯೇ?

ಇಲ್ಲ. ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ವನ್ಯಜೀವಿಧಾಮಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಒಳಪಟ್ಟಿವೆ. ಮೀನುಗಾರಿಕೆ ಇಲಾಖೆಯ ಚೀಟಿ ಅಲ್ಲಿಗೆ ಸಲ್ಲುವುದಿಲ್ಲ.

ಯರವ, ಜೇನುಕುರುಬ, ಬೆಟ್ಟಕುರುಬ ಹಿರಿಯರ ವಿಚಾರವೇನು?

ಅವರದು ರಿಯಾಯಿತಿಯ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. 2006ರ ಅರಣ್ಯ ಹಕ್ಕುಗಳ ಕಾಯ್ದೆಯು ಅರಣ್ಯವಾಸಿಗಳ ಸಮುದಾಯ ಹಕ್ಕುಗಳಲ್ಲಿ ಮೀನು ಮತ್ತು ಜಲಮೂಲಗಳ ಇತರ ಉತ್ಪನ್ನಗಳನ್ನು ಸ್ಪಷ್ಟವಾಗಿ ಸೇರಿಸಿದೆ. ಗ್ರಾಮಸಭೆಯ ಮೂಲಕ ಆ ಹಕ್ಕನ್ನು ಪಡೆಯುವುದು ಅವರಿಗಿರುವ ನೇರ ದಾರಿ. ನಮ್ಮ ಮನವಿ ಅದಕ್ಕೆ ಅಡ್ಡಬರದಂತೆ ಪ್ರತ್ಯೇಕ ಸಾಲು ಸೇರಿಸಿದ್ದೇವೆ.

ಮನವಿಯನ್ನು ಯಾರಿಗೆ ಕೊಡಬೇಕು?

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೀನುಗಾರಿಕೆ ರಾಜ್ಯಪಟ್ಟಿಯ 21ನೇ ಬಾಬಿನಲ್ಲಿದೆ. ಹೀಗಾಗಿ ದೆಹಲಿಗೆ ಬರೆದು ಪ್ರಯೋಜನವಿಲ್ಲ. ಒಳನಾಡು ನೀರಿಗೆ ಸಂಬಂಧಿಸಿದಂತೆ ರಾಜ್ಯದಲ್ಲಿ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮವಿದೆ. ನಿಯಮಗಳಲ್ಲಿ ಬದಲಾವಣೆ ತರಬೇಕಾದದ್ದು ರಾಜ್ಯ ಸರ್ಕಾರ. ಮನವಿಯ ಮೂಲಪ್ರತಿಯನ್ನು ಜಿಲ್ಲಾ ಮೀನುಗಾರಿಕೆ ಕಚೇರಿಯ ಮೂಲಕ ಬೆಂಗಳೂರಿನ ನಿರ್ದೇಶನಾಲಯಕ್ಕೂ, ಪ್ರತಿಗಳನ್ನು ಜಿಲ್ಲಾಧಿಕಾರಿಗಳಿಗೂ, ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರಗಳ ಶಾಸಕರಿಗೂ ಕೊಡಲಾಗುವುದು. ವೃದ್ಧಾಪ್ಯದಲ್ಲಿ ಸಾರ್ವಜನಿಕ ನೆರವು ಪಡೆಯುವ ಹಕ್ಕಿಗಾಗಿ ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ವ್ಯವಸ್ಥೆ ಮಾಡಬೇಕೆಂದು ಹೇಳುವ 41ನೇ ವಿಧಿಯನ್ನು ಮನವಿಯ ಮೊದಲ ಪುಟದಲ್ಲೇ ಉಲ್ಲೇಖಿಸಲಾಗಿದೆ.

ಅಜ್ಜನ ಹೆಸರಿನಲ್ಲಿ ಪರವಾನಗಿ ಮಾಡಿಸಿ ಮೊಮ್ಮಕ್ಕಳು ಮೀನು ಹಿಡಿದರೆ?

ಖಂಡಿತ ಹಿಡಿಯುತ್ತಾರೆ, ಯಾರೂ ತಡೆಯದಿದ್ದರೆ. ರಿಯಾಯಿತಿಯ ಪರವಾನಗಿ ಭಾವಚಿತ್ರವಿರುವ ಒಬ್ಬ ವ್ಯಕ್ತಿಗೆ ಮಾತ್ರ ಸಲ್ಲಬೇಕು, ಅದನ್ನು ಹೊಂದಿರುವವರು ಸ್ವತಃ ಹರಿಗೋಲಿನಲ್ಲಿ ಅಥವಾ ದಡದಲ್ಲಿ ಇರಬೇಕು. ಆದರೆ ಅವರ ಜೊತೆಗೆ ಒಬ್ಬ ಸಹಾಯಕರಿರಲು ಅವಕಾಶ ಬೇಕು. ಹಾರಂಗಿಯ ತೂಬು ತೆಗೆದಾಗ ಕೆಳಗಿನ ಹೊಳೆ ಏರುವ ವೇಗಕ್ಕೆ ವಯಸ್ಸಾದ ಕಾಲು ಹೊಂದಿಕೊಳ್ಳುವುದಿಲ್ಲ. ದುಬಾರೆ ಕಡೆಯ ದಡಗಳಲ್ಲಿ ಸಂಜೆಯ ಹೊತ್ತು ಆನೆ ನೀರಿಗಿಳಿಯುವುದನ್ನು ಕಿವಿ ಮಂದವಾದವರು ತಡವಾಗಿ ಅರಿಯುತ್ತಾರೆ. ಸಹಾಯಕರ ಹೆಸರನ್ನೂ ಅದೇ ಚೀಟಿಯಲ್ಲಿ ಬರೆದರೆ ದುರುಪಯೋಗದ ಪ್ರಶ್ನೆ ಬಹುಮಟ್ಟಿಗೆ ಮುಗಿಯುತ್ತದೆ.

ಈ ವರ್ಷ ಪೂರ್ಣ ಶುಲ್ಕ ಕಟ್ಟಿದವರಿಗೆ ಹಣ ಮರಳಿ ಸಿಗುತ್ತದೆಯೇ?

ಹಾಗೆ ಕೇಳಿಲ್ಲ. ಆದೇಶ ಬಂದ ಮೇಲಿನ ನವೀಕರಣಕ್ಕೆ ಮಾತ್ರ ಹೊಸ ದರ ಅನ್ವಯಿಸಲಿ ಎಂದು ಬರೆದಿದ್ದೇವೆ. ಆದರೂ ಹಳೆಯ ರಸೀದಿಗಳನ್ನು ಎಸೆಯಬೇಡಿ. ನಮ್ಮ ತಾತ ಅವುಗಳನ್ನು ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಲೆ ನೇತುಹಾಕುವ ಮೊಳೆಗೇ ಕಟ್ಟಿದ್ದಾರೆ. ತೀರಾ ಹಳೆಯದರ ಮೇಲಿನ ಶಾಯಿ ಅಳಿಸಿಹೋಗಿದೆ, ಮೊಹರಿನ ವೃತ್ತ ಮಾತ್ರ ಕಾಣುತ್ತದೆ. ಮನವಿಗೆ ಲಗತ್ತಿಸಲು ಅವುಗಳ ಪ್ರತಿಯನ್ನು ಕೇಳಿದಾಗ, ಮೂಲವನ್ನು ಕೈಬಿಡಲೊಪ್ಪದೆ ನೆರಳಚ್ಚು ಅಂಗಡಿಗೆ ತಾವೇ ಜೊತೆಗೆ ಬಂದರು.